ರೊಟ್ಟಿ ಬುಟ್ಟಿಯ ತಳ

ಅಮೃತವ್ವ ಹೊಂಬಳದವಳು. ಅವಳು ಪರದೇಶದಲ್ಲಿ ನೌಕರಿ ಮಾಡಿದವಳು ಎಂದರೆ ಈಗಿನವರು ಹಡಗು, ವಿಮಾನ ಎಂದು ಯೋಚಿಸುತ್ತಾರೆ. ಅವಳು ಹೋದದ್ದು ಮುಂಡರಗಿಯವರೆಗೆ ಮೋಟಾರಿನಲ್ಲಿ, ಅಲ್ಲಿಂದ ಮುಂದೆ ಚಕ್ಕಡಿಯಲ್ಲಿ ಎರಡು ಹರದಾರಿ. ಅಷ್ಟರಲ್ಲಿ ಇಂಗ್ಲಿಷರ ಸೀಮೆ ಮುಗಿದು ನಿಜಾಮನದು ಶುರುವಾಗುತ್ತಿತ್ತು. ನಮ್ಮವರು ಅದನ್ನು ಮೊಗಲಾಯಿ ಎನ್ನುತ್ತಿದ್ದರು. ಅಲ್ಲಿಯ ನಾಣ್ಯ ಬೇರೆ, ಕಾಯಿದೆ ಬೇರೆ, ಕಚೇರಿಯ ಭಾಷೆ ಬೇರೆ. ನಮ್ಮ ಕಡೆ ಬೇರೆ ಬೇರೆ ದೊರೆಗಳಿಗೇನೂ ಕೊರತೆಯಿರಲಿಲ್ಲ: ಶಿರಹಟ್ಟಿ ಸಾಂಗಲಿಯವರದು, ಲಕ್ಷ್ಮೇಶ್ವರ ಮಿರಜಿಯವರದು. ಆದರೆ ಲಕ್ಷ್ಮೇಶ್ವರದ ಸಂತೆಗೆ ಹೋಗುವವನನ್ನು ಯಾರೂ ತಡೆದು ನಿಲ್ಲಿಸುತ್ತಿರಲಿಲ್ಲ. ಮೊಗಲಾಯಿಯ ಗಡಿಯಲ್ಲಿ ಸುಂಕದ ನಾಕಾ ಇತ್ತು. ಅಲ್ಲಿ ಗಂಟು ಬಿಚ್ಚಿ ತೋರಿಸದೆ ಯಾರೂ ದಾಟುವಂತಿರಲಿಲ್ಲ.

ಅವಳಿಗೆ ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಮನೆ ತುಂಬಿಸಿಕೊಂಡ. ಅಮೃತವ್ವ ಜಗಳವಾಡಲಿಲ್ಲ. ಎರಡು ಸೀರೆ ತೆಗೆದುಕೊಂಡು ಬೆಟಗೇರಿಯ ಮಿಶನ್ ಆಸ್ಪತ್ರೆಗೆ ಹೋಗಿ ಹೆರಿಗೆಯ ಕೆಲಸ ಕಲಿತಳು. 1936ರಲ್ಲಿ ಗಡಿಯಾಚೆಯ ಒಂದು ಜಾಗೀರದ ಊರಿನಲ್ಲಿ ದವಾಖಾನೆಗೆ ಸೂಲಗಿತ್ತಿ ಬೇಕಾಗಿದ್ದಾಳೆ ಎಂದು ತಿಳಿದಾಗ ಅಲ್ಲಿಗೆ ಹೋದಳು. ಆ ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಈ ಕಥೆಯಲ್ಲಿ ಬರುವವರ ಮಕ್ಕಳು ಅಲ್ಲಿ ಈಗಲೂ ಇದ್ದಾರೆ.

ಅಲ್ಲಿ ಅವಳಿಗೆ ಇಬ್ಬರು ಗೆಳತಿಯರಾದರು. ಒಬ್ಬಳು ಮೋತಿಬಿ, ದವಾಖಾನೆಯ ಆಯಾ. ಗಂಡ ತೀರಿಹೋಗಿ ಮೂರು ಮಕ್ಕಳನ್ನು ತಾನೇ ದುಡಿದು ಸಾಕುತ್ತಿದ್ದಳು. ಸೂಲಗಿತ್ತಿಯ ಪೆಟ್ಟಿಗೆ ಹೊತ್ತು ಮುಂದೆ ನಡೆಯುವವಳು ಅವಳೇ. ಇನ್ನೊಬ್ಬಳು ಸಾವಿತ್ರೆವ್ವ, ಒಕ್ಕಲಿಗ ಹುಲಗಪ್ಪನ ಹೆಂಡತಿ. ಅವಳ ಮೂರು ಹೆರಿಗೆಗಳನ್ನು ಅಮೃತವ್ವನೇ ಮಾಡಿಸಿದ್ದಳು. ಮೂರು ಕೂಸುಗಳಲ್ಲಿ ಒಂದೂ ಉಳಿಯಲಿಲ್ಲ. ಮೂರನೆಯದನ್ನು ಮಣ್ಣು ಮಾಡಿ ಬಂದ ದಿನ ಮೋತಿಬಿ ಅವರ ಮನೆಯಲ್ಲಿ ಅಡುಗೆ ಮಾಡಿ ಬಡಿಸಿದಳು. ಅಲ್ಲಿಂದ ಮೂವರೂ ಹತ್ತಿರವಾದರು.

ಎಳ್ಳ ಅಮವಾಸ್ಯೆಗೆ ಅಮೃತವ್ವನಿಗೆ ರಜೆ ಸಿಗುತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ಆ ದಿನ ಮನೆಯಲ್ಲಿ ಉಣ್ಣುವವರಿಲ್ಲ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಬೇಕು. ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಪಾಂಡವರೆಂದು ಪೂಜೆ ಮಾಡಬೇಕು. ಎಡೆಯ ಅಡುಗೆಯನ್ನು ಬೆಳೆಯ ಸುತ್ತ ಚೆಲ್ಲುತ್ತ ‘ಹುಲಿಗ್ಯೋ, ಚಳ್ಳಂಬರಿಗ್ಯೋ’ ಎಂದು ಕೂಗಬೇಕು. ಅದಕ್ಕೆ ಚರಗ ಎನ್ನುತ್ತಾರೆ. ಆಮೇಲೆ ಊಟ. ಆ ಹೊತ್ತಿನಲ್ಲಿ ಹಾದಿಯ ಮೇಲೆ ಯಾರು ಬಂದರೂ ಕರೆದು ಉಣಿಸಬೇಕು. ಉಣ್ಣುವವನು ಸಾಕು ಎನ್ನುವವರೆಗೂ ಬಡಿಸಬೇಕು. ಮನೆಯವರು ಬುತ್ತಿ ಮುಗಿಯಿತು ಎನ್ನಬಾರದು. ಹಾಗೆಂದರೆ ಬೆಳೆಯ ಹುಲುಸು ಹೋಗುತ್ತದೆ ಎಂಬ ನಂಬಿಕೆ. ಹೊಂಬಳದ ಹೊಲ ದೂರವಾದದ್ದರಿಂದ ಅಮೃತವ್ವ ಸಾವಿತ್ರೆವ್ವನ ಹೊಲಕ್ಕೆ ಹೋಗತೊಡಗಿದಳು. ಮೋತಿಬಿಯೂ ಎಳ್ಳು ಬೆಲ್ಲದ ಸಿಹಿರೊಟ್ಟಿ, ಚೊಂಗೆ, ಮಾಡಿಕೊಂಡು ಬರುತ್ತಿದ್ದಳು. ಏಳು ವರ್ಷ ಹೀಗೆ ನಡೆಯಿತು.

1947ರ ಆಗಸ್ಟಿನಲ್ಲಿ ಗಡಿಯ ಈಚೆಗೆ ಸ್ವಾತಂತ್ರ್ಯ ಬಂತು. ಆಚೆಗೆ ಬರಲಿಲ್ಲ. ಆಚೆ ನಿಜಾಮನ ಪರವಾದ ರಜಾಕಾರರ ದಂಡು ಊರೂರು ತಿರುಗತೊಡಗಿತು. ಈಚೆ ಮುಂಡರಗಿಯಲ್ಲಿ, ಗದಗಿನಲ್ಲಿ ಮೊಗಲಾಯಿಯಿಂದ ಓಡಿ ಬಂದವರ ಶಿಬಿರಗಳು ತುಂಬಿದವು. ಹುಲಗಪ್ಪ ಕಾರ್ತೀಕದಲ್ಲಿ ಗಡಿಯ ಹಳ್ಳ ದಾಟಿ ಮುಂಡರಗಿಯ ಶಿಬಿರ ಸೇರಿದ. ಅಲ್ಲಿಯ ತರುಣರ ಜೊತೆ ಒಂದು ನಾಕಾ ಸುಟ್ಟದ್ದರಲ್ಲಿ ಅವನೂ ಇದ್ದ ಎಂದು ಸುದ್ದಿಯಾಯಿತು. ಆಗ ಸಾವಿತ್ರೆವ್ವನಿಗೆ ಆರನೆಯ ತಿಂಗಳು. ಅವನನ್ನು ಕೇಳಿಕೊಂಡು ಎರಡು ಸಲ ಬಂದೂಕಿನವರು ಮನೆಗೆ ಬಂದರು. ಎರಡನೆಯ ಸಲ, ಇನ್ನೊಮ್ಮೆ ಬಂದಾಗ ಗಂಡ ಸಿಗದಿದ್ದರೆ ಹೆಂಡತಿಯನ್ನು ಠಾಣೆಗೆ ಒಯ್ಯುತ್ತೇವೆ ಎಂದು ಹೇಳಿ ಹೋದರು. ಎಂಟು ತಿಂಗಳ ಬಸುರಿ, ಹಿಂದೆ ಮೂರು ಕೂಸು ಕಳೆದುಕೊಂಡವಳು. ಠಾಣೆಯಲ್ಲಿ ಎರಡು ದಿನ ಇಟ್ಟರೆ ಏನಾಗುತ್ತದೆ ಎಂದು ಅಮೃತವ್ವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ರಾತ್ರಿ ಹಳ್ಳ ದಾಟುವವರ ಮೇಲೆ ಗುಂಡು ಹಾರುತ್ತಿತ್ತು. ಹಗಲು ಗಂಟು ಕಟ್ಟಿಕೊಂಡು ಹೊರಟವರನ್ನು ಊರ ಬಾಗಿಲಲ್ಲೇ ಹಿಡಿಯುತ್ತಿದ್ದರು. ಆದರೆ ಎಳ್ಳ ಅಮವಾಸ್ಯೆಯ ದಿನ ಒಕ್ಕಲಗಿತ್ತಿ ಬುಟ್ಟಿ ಹೊತ್ತು ತನ್ನ ಹೊಲಕ್ಕೆ ಹೋದರೆ ಯಾರೂ ಏನೂ ಕೇಳುವಂತಿರಲಿಲ್ಲ. ಸಾವಿತ್ರೆವ್ವನ ಹೊಲ ಗಡಿಯ ಹಳ್ಳಕ್ಕೆ ಹತ್ತಿಕೊಂಡೇ ಇತ್ತು. ಬನ್ನಿಗಿಡದಿಂದ ಹಳ್ಳದವರೆಗೆ ಆಳೆತ್ತರದ ಬಿಳಿಜೋಳ. ಹುಲಗಪ್ಪ ಮತ್ತು ಇನ್ನಿಬ್ಬರು ಹಳ್ಳದ ಆಚೆಯ ದಂಡೆಯಲ್ಲಿ ಕಾಯುವುದು ಎಂದು ಸುದ್ದಿ ಹೋಗಿ ಬಂತು. ಹೊತ್ತು ಇಳಿದು ಬನ್ನಿಗಿಡದ ನೆರಳು ಬದು ಮುಟ್ಟುತ್ತಲೇ ಹಳ್ಳದ ಗುಂಟ ಕುದುರೆಯ ಗಸ್ತು ತಿರುಗುತ್ತಿತ್ತು. ಅದಕ್ಕೆ ಮೊದಲು ದಾಟಬೇಕು.

ತೊಡಕು ಒಂದೇ. ಹೊಲ ನಾಕಾದ ಕಣ್ಣಳತೆಯಲ್ಲಿತ್ತು. ನಾಕಾದ ಸಿಪಾಯಿ ರಹಮಾನಸಾಬ, ಮೋತಿಬಿಯ ಸ್ವಂತ ತಮ್ಮ.

ಅಮೃತವ್ವ ಇದನ್ನು ಲೆಕ್ಕ ಹಾಕಿದಳು. ಮೋತಿಬಿಯನ್ನು ಪ್ರತಿ ವರ್ಷದಂತೆ ಕರೆದೊಯ್ದರೆ, ಅಕ್ಕ ಇರುವ ಗುಂಪನ್ನು ತಮ್ಮ ತಡೆಯುವುದಿಲ್ಲ, ಬುಟ್ಟಿ ತೆಗೆದು ನೋಡುವುದಿಲ್ಲ. ಉಂಡ ಮೇಲೆ ಮೋತಿಬಿಗೆ ಗಿಡದ ನೆರಳಿನಲ್ಲಿ ಒಂದು ಗಳಿಗೆ ಮಲಗುವ ರೂಢಿ. ಅವಳ ಕಣ್ಣು ಹತ್ತಿದಾಗ ತಾವಿಬ್ಬರೂ ಎದ್ದು ಜೋಳದಲ್ಲಿ ಇಳಿದುಬಿಟ್ಟರೆ ಆಯಿತು. ಅವಳಿಗೆ ಏನೂ ತಿಳಿಯದಿದ್ದರೆ ನಾಳೆ ವಿಚಾರಣೆಯಲ್ಲಿ ಹೇಳುವುದಕ್ಕೂ ಏನೂ ಇರುವುದಿಲ್ಲ. ಇದು ಅವಳ ಒಳ್ಳೆಯದಕ್ಕೇ ಎಂದು ಅಮೃತವ್ವ ಸಾವಿತ್ರೆವ್ವನಿಗೆ ಹೇಳಿದಳು. ತನಗೂ ಹಾಗೇ ಹೇಳಿಕೊಂಡಳು. ನಿಜವಾದ ಕಾರಣ ಭಯ. ಮೋತಿಬಿ ತಮ್ಮನ ಮುಂದೆ ಬಾಯಿ ಬಿಟ್ಟರೆ ಎಂಬ ಭಯ. ಹನ್ನೊಂದು ವರ್ಷ ಒಂದೇ ಪೆಟ್ಟಿಗೆ ಹೊತ್ತು ಹಗಲು ರಾತ್ರಿ ತಿರುಗಿದ ಹೆಂಗಸಿನ ಬಗ್ಗೆ ಆ ಚಳಿಗಾಲದಲ್ಲಿ ಹೀಗೆ ಅನ್ನಿಸಿತು. ಅದನ್ನು ಅವಳು ನನ್ನ ಮುಂದೆ ಮುಚ್ಚಿಡಲಿಲ್ಲ.

ಸಾವಿತ್ರೆವ್ವನಿಗೆ ಅವಳು ಕಟ್ಟುನಿಟ್ಟಾಗಿ ಹೇಳಿದಳು. ಹಾಸಿಗೆ ಬೇಡ, ಪಾತ್ರೆ ಬೇಡ, ಸೀರೆಯ ಮೇಲೆ ಸೀರೆ ಉಡಬೇಡ. ಹಬ್ಬಕ್ಕೆ ಹೋಗುವವರು ಏನು ಒಯ್ಯುತ್ತಾರೋ ಅಷ್ಟೇ. ಒಳಗಿನ ಪೂಜೆಯ ಜಗಲಿಯ ದೇವರನ್ನು ಏನು ಮಾಡಲಿ ಎಂದು ಸಾವಿತ್ರೆವ್ವ ಕೇಳಿದಳು. ಅತ್ತೆಯ ಅತ್ತೆ ಪೂಜೆ ಮಾಡಿದ ಹುಲಿಗೆಮ್ಮನ ಬೆಳ್ಳಿಯ ಮುಖ, ಹಿತ್ತಾಳೆಯ ಹನುಮಂತ. ದೇವರು ತಮ್ಮ ಕಾಳಜಿ ತಾವು ನೋಡಿಕೊಳ್ಳುತ್ತಾರೆ, ಬಿಟ್ಟು ಬಾ ಎಂದು ಅಮೃತವ್ವ ಹೇಳಿದಳು. ಸಾವಿತ್ರೆವ್ವ ಅದೇ ಮಾತನ್ನು ಮೂರು ಸಲ ಕೇಳಿದಳು. ನಾಲ್ಕನೆಯ ಸಲ ಕೇಳಲಿಲ್ಲ. ಅದನ್ನು ಒಪ್ಪಿಗೆ ಎಂದು ಅಮೃತವ್ವ ತಿಳಿದಳು.

ಅಮವಾಸ್ಯೆಯ ದಿನ ಮೂವರೂ ನಡೆದೇ ಹೋದರು. ರೊಟ್ಟಿಯ ಬುಟ್ಟಿಯನ್ನು ಸಾವಿತ್ರೆವ್ವ ಯಾರಿಗೂ ಕೊಡದೆ ತಾನೇ ಹೊತ್ತಳು. ಬಸುರಿ ಭಾರ ಹೊರುವುದು ಬೇಡವೆಂದು ಮೋತಿಬಿ ಹಾದಿಯ ಉದ್ದಕ್ಕೂ ಗದರಿದಳು; ಅವಳು ಕೇಳಲಿಲ್ಲ. ನಾಕಾದ ಮುಂದೆ ಜಮಾದಾರ ಬೀಡಿ ಸೇದುತ್ತ ಕುಳಿತಿದ್ದ. ಆ ತಿಂಗಳು ಅಲ್ಲಿಗೆ ಹೊಸದಾಗಿ ಬಂದ ಮೂವರು ರಜಾಕಾರರು ಕಟ್ಟೆಯ ಮೇಲೆ ಬಂದೂಕು ಒರೆಸುತ್ತಿದ್ದರು. ರಹಮಾನಸಾಬ ಅಕ್ಕನನ್ನು ನೋಡಿ ಕೈ ಎತ್ತಿದ. ಯಾರೂ ತಡೆಯಲಿಲ್ಲ. ಅಮೃತವ್ವನ ಲೆಕ್ಕ ಅಲ್ಲಿಯವರೆಗೆ ಸರಿಯಾಗಿತ್ತು.

ಹೊಲದಲ್ಲಿ ಪೂಜೆಯಾಯಿತು. ಚರಗವಾಯಿತು. ಸಾವಿತ್ರೆವ್ವನ ಮನೆತನದಲ್ಲಿ ಚರಗ ಎರಡು ಸಲ: ಉಣ್ಣುವ ಮೊದಲು ಒಮ್ಮೆ, ಹೊತ್ತು ಇಳಿದು ಮನೆಗೆ ಹೊರಡುವಾಗ ಇನ್ನೊಮ್ಮೆ. ಮೊದಲನೆಯದನ್ನು ಮೂವರೂ ಕೂಗುತ್ತ ಚೆಲ್ಲಿ ಬಂದು ಗಿಡದ ಕೆಳಗೆ ಕುಳಿತರು. ಎಣ್ಣೆಗಾಯಿ, ಪುಂಡಿಪಲ್ಲೆ, ಗುರೆಳ್ಳ ಹಿಂಡಿ, ಮೊಸರು ಬುತ್ತಿ, ಶೇಂಗಾ ಹೋಳಿಗೆ, ಮೋತಿಬಿಯ ಚೊಂಗೆ. ಮೊದಲ ತುತ್ತು ಎತ್ತುವ ಮುಂಚೆ ಬದುವಿನ ಮೇಲೆ ಖಾಕಿ ಕಾಣಿಸಿತು. ರಹಮಾನಸಾಬ ಹೆಗಲಿಗೆ ಬಂದೂಕು ಹಾಕಿಕೊಂಡು ಬರುತ್ತಿದ್ದ.

ಅಮೃತವ್ವ ಎಲ್ಲವನ್ನೂ ಯೋಚಿಸಿದ್ದಳು, ಇದೊಂದನ್ನು ಬಿಟ್ಟು. ಅಕ್ಕ ಇದ್ದಲ್ಲಿ ತಮ್ಮ ತನಿಖೆಗೆ ಬರುವುದಿಲ್ಲ. ಆದರೆ ಅಕ್ಕ ಇದ್ದಲ್ಲಿಗೆ ತಮ್ಮ ಊಟಕ್ಕೆ ಬರುತ್ತಾನೆ.

“ಏನ ಆಪಾ, ತಮ್ಮನ್ನ ಬಿಟ್ಟು ಹಬ್ಬಾನ?” ಎಂದ ಅವನು. “ನಾಕಾದಾಗ ನಾ ಒಣ ಚುರಮರಿ ತಿನಕೋತ ಕುಂತೀನಿ.”

“ನಿನಗ ಕರಿಯಾಕ ಬ್ಯಾರೆ ಬರಬೇಕೇನ?” ಎಂದಳು ಮೋತಿಬಿ. “ಸಣ್ಣಾವಿದ್ದಾಗಿಂದ ಮೂಗ ಹಾದಿ ತೋರಸ್ತೈತಿ ನಿನಗ.”

ಅವನು ನಕ್ಕು ಬಂದೂಕನ್ನು ಬನ್ನಿಗಿಡಕ್ಕೆ ಆನಿಸಿಟ್ಟು, ಕಾಲು ಮಡಿಚಿ ಕುಳಿತ. ಬನ್ನಿಗಿಡದ ನೆರಳು ಆಗ ಇನ್ನೂ ಬುಡದಲ್ಲೇ ಇತ್ತು. ಹೊತ್ತು ಸಾಕಷ್ಟಿದೆ, ಉಂಡು ಹೋಗಲಿ ಎಂದು ಅಮೃತವ್ವ ಮನಸ್ಸನ್ನು ಗಟ್ಟಿ ಮಾಡಿಕೊಂಡಳು. ಬಡಿಸುವಂತೆ ಸಾವಿತ್ರೆವ್ವನಿಗೆ ಹೇಳಿದಳು.

ರಹಮಾನಸಾಬ ಉಣ್ಣುವ ಮನುಷ್ಯ. ಎರಡು ರೊಟ್ಟಿ ಮಾತಿಲ್ಲದೆ ಹೋದವು. ಮೂರನೆಯದಕ್ಕೆ ಮಾತು ಶುರುವಾಯಿತು. ಜಮಾದಾರನ ಬೈಗುಳ, ಹೊಸದಾಗಿ ಬಂದವರ ಜಂಬ, ನಾಕಾದಲ್ಲಿ ನೀರಿನ ತೊಂದರೆ. ತನ್ನ ಎರಡೂ ಮಕ್ಕಳನ್ನು ಭೂಮಿಗೆ ತಂದದ್ದು ಅಮೃತವ್ವನ ಕೈ, ಆ ಕೈಯ ಅಡುಗೆ ಬೇಡವೆಂದರೆ ತನಗೆ ನರಕವೇ ಗತಿ ಎಂದು ಹೊಗಳಿದ. ಅಮೃತವ್ವ ಹೂಂ ಎನ್ನುತ್ತ ಎಣ್ಣೆಗಾಯಿ ಬಡಿಸಿದಳು. ನಾಲ್ಕನೆಯ ರೊಟ್ಟಿ ಕೊಡುವಾಗ ಸಾವಿತ್ರೆವ್ವನ ಕೈ ಅವಳಿಗೆ ವಿಚಿತ್ರವಾಗಿ ಕಂಡಿತು. ರೊಟ್ಟಿಯನ್ನು ಮೇಲಿನಿಂದ ಎತ್ತದೆ, ಮುಚ್ಚಿದ ಅರಿವೆಯ ಸಂದಿಯಲ್ಲಿ ಕೈಯಿಟ್ಟು, ಒಂದು ಮಗ್ಗುಲಿನಿಂದ ಮೆಲ್ಲನೆ ಎಳೆಯುತ್ತಿದ್ದಳು. ಐದನೆಯದನ್ನೂ ಹಾಗೇ ಎಳೆದಳು. ಅವಳ ಮೇಲ್ದುಟಿಯ ಮೇಲೆ ಬೆವರು ನಿಂತಿತ್ತು. ಮಾರ್ಗಶಿರದ ಚಳಿಯಲ್ಲಿ.

ಅಮೃತವ್ವ ಬುಟ್ಟಿಯ ಕಡೆ ನೋಡಿದಳು. ಸಾವಿತ್ರೆವ್ವ ತಲೆ ತಗ್ಗಿಸಿದಳು. ಬುಟ್ಟಿಯ ತಳದಲ್ಲಿ ಏನಿದೆ ಎಂದು ಅಮೃತವ್ವನಿಗೆ ಆಗ ತಿಳಿಯಿತು.

ಬಂಗಾರ ಸಿಕ್ಕಿದ್ದರೆ ಹಬ್ಬಕ್ಕೆ ತೊಡಲು ತಂದೆವು ಎನ್ನಬಹುದಿತ್ತು. ಸೀರೆ ಸಿಕ್ಕಿದ್ದರೆ ಬಸುರಿಗೆ ಹಾಸಲು ಎನ್ನಬಹುದಿತ್ತು. ಜಗಲಿಯ ದೇವರಿಗೆ ಯಾವ ನೆಪವೂ ಇಲ್ಲ. ಅವು ಮನೆ ಬಿಡುವುದು ಎರಡೇ ಸಂದರ್ಭದಲ್ಲಿ: ಜಾತ್ರೆಯಲ್ಲಿ ಹೊಳೆಗೆ ಒಯ್ದು ತೊಳೆಯುವಾಗ, ಮತ್ತು ಮನೆಯವರು ಆ ಮನೆಯನ್ನು ಶಾಶ್ವತವಾಗಿ ಬಿಟ್ಟು ಹೊರಟಾಗ. ಇದು ಹಿಂದೂಗಳಿಗಷ್ಟೇ ಗೊತ್ತಿದ್ದ ಸಂಗತಿಯಲ್ಲ. ಆ ಊರಲ್ಲಿ ಹುಟ್ಟಿದ ರಹಮಾನಸಾಬನಿಗೂ ಗೊತ್ತಿತ್ತು. ರೊಟ್ಟಿಯ ಕೆಳಗೆ ಆ ಬೆಳ್ಳಿಯ ಮುಖ ಕಂಡರೆ ಅವನು ಒಂದು ಪ್ರಶ್ನೆಯನ್ನೂ ಕೇಳಬೇಕಾಗಿರಲಿಲ್ಲ.

ಅವನ ಗಮನ ಬೇರೆಡೆ ತಿರುಗಿಸಲು ಅಮೃತವ್ವ ಬುತ್ತಿ ಬಡಿಸಿದಳು, ಹೋಳಿಗೆ ಹಾಕಿದಳು. ಅವನು ಹೋಳಿಗೆಯನ್ನು ಮಗ್ಗುಲಿಗಿಟ್ಟು, ಮೊದಲು ಖಾರದ ಊಟ ಮುಗಿಯಲಿ ಎಂದ. ಚೊಂಗೆ ಕೊಟ್ಟರೆ, ಅಕ್ಕನ ಚೊಂಗೆ ಮನೆಯಲ್ಲಿ ದಿನಾ ಇದ್ದದ್ದೇ ಎಂದ. ಆರನೆಯ ರೊಟ್ಟಿಯ ತುಂಡನ್ನು ಹಿಂಡಿಗೆ ಅದ್ದುತ್ತ ನಗುತ್ತಲೇ ಹೇಳಿದ:

“ಮ್ಯಾಲಿನವು ಬಿರುಸಾಗ್ಯಾವ. ತಳದಾಗಿನವು ಮೆತ್ತಗಿರ್ತಾವ ನೋಡು. ತಳದ್ದು ಕೊಡ ತಂಗಿ.”

ಸಾವಿತ್ರೆವ್ವ ಅಲುಗಲಿಲ್ಲ. ಮುಗಿಯಿತು ಎನ್ನುವಂತಿಲ್ಲ, ಚರಗದ ದಿನ ಹಾಗೆನ್ನುವುದಿಲ್ಲ ಎಂಬುದು ಅವನಿಗೂ ಗೊತ್ತು, ಮತ್ತು ಅರಿವೆಯ ಕೆಳಗೆ ಬುಟ್ಟಿ ಇನ್ನೂ ಉಬ್ಬಿಯೇ ಇತ್ತು. ಅವಳು ತಡ ಮಾಡುವುದನ್ನು ಸಂಕೋಚ ಎಂದು ತಿಳಿದು ಅವನು ತಾನೇ ಮುಂದೆ ಬಾಗಿ ಬುಟ್ಟಿಗೆ ಕೈ ಚಾಚಿದ. ಅಮೃತವ್ವನ ಕಣ್ಣು ಬನ್ನಿಗಿಡಕ್ಕೆ ಆನಿಸಿದ್ದ ಬಂದೂಕಿನ ಮೇಲೆ ಹೋಯಿತು. ಅದನ್ನು ಹಿಡಿಯುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಆದರೂ ಹೋಯಿತು.

“ಕೈ ತಗಿ,” ಎಂದಳು ಮೋತಿಬಿ. “ಎಂಜಲ ಕೈ ಬುಟ್ಟಿಗಿ ಹಾಕತೀ? ನಾ ಕೊಡತೀನಿ.”

ಅವಳು ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡು ಅರಿವೆಯ ಕೆಳಗೆ ಕೈಯಿಟ್ಟಳು. ತಮ್ಮನಿಗೆ ಮೆತ್ತನೆಯ ರೊಟ್ಟಿ ಕೊಡಬೇಕೆಂದು ತಳದವರೆಗೂ ಇಳಿಸಿದಳು. ಅಲ್ಲಿ ಕೈ ನಿಂತಿತು.

ಎಷ್ಟು ಹೊತ್ತು ನಿಂತಿತು ಎಂದು ಅಮೃತವ್ವ ಹೇಳಲಾರಳು. ಮೋತಿಬಿ ಮೊದಲು ಸಾವಿತ್ರೆವ್ವನ ಮುಖ ನೋಡಿದಳು. ಆಮೇಲೆ ಅ‌ಮೃತವ್ವನ ಮುಖ. ಅಲ್ಲಿ ಹೆಚ್ಚು ಹೊತ್ತು ನೋಡಿದಳು. ಹಳ್ಳದ ಕಡೆಯ ಜೋಳವನ್ನು ಒಮ್ಮೆ ನೋಡಿದಳು. ಆಮೇಲೆ ಒಂದು ರೊಟ್ಟಿ ಹೊರಗೆ ತೆಗೆದು ಎರಡು ಮಾಡಿ, ಅರ್ಧವನ್ನು ತಮ್ಮನ ಕೈಗೆ ಹಾಕಿ, ಉಳಿದ ಅರ್ಧವನ್ನು ತಾನು ಕಚ್ಚಿದಳು.

“ಇದು ಕಡೀದು. ಬುಟ್ಟಿ ಖಾಲಿ ಆತು,” ಎಂದಳು. “ತಿಂದು ಏಳು. ನಿಮ್ಮ ಜಮಾದಾರ ಹಾದಿ ನೋಡತಿರ್ತಾನ.”

ರಹಮಾನಸಾಬ ಅಗಿಯುವುದನ್ನು ನಿಲ್ಲಿಸಿದ. ಉಬ್ಬಿದ ಬುಟ್ಟಿಯನ್ನು ನೋಡಿದ. ಅದರ ಮೇಲೆ ಅರಿವೆಯನ್ನು ಒತ್ತಿ ಹಿಡಿದಿದ್ದ ಅಕ್ಕನ ಕೈ ನೋಡಿದ. ಸಾವಿತ್ರೆವ್ವನ ಹೊಟ್ಟೆ ನೋಡಿದ. ಅವನ ಮುಖದ ನಗು ಹೋಗಿ ಏನೂ ಇಲ್ಲದಂತಾಯಿತು.

“ಖಾಲಿ ಅಂದ್ರ ಖಾಲಿ, ಆಪಾ,” ಎಂದ.

ತಂಬಿಗೆ ನೀರಿನಲ್ಲಿ ಕೈ ತೊಳೆದು, ಬಂದೂಕು ಎತ್ತಿಕೊಂಡು, ಹೋಳಿಗೆಯನ್ನು ಅಲ್ಲೇ ಬಿಟ್ಟು, ಬದುವಿನ ಗುಂಟ ನಾಕಾದ ಕಡೆ ನಡೆದ. ನಾಕಾ ಮುಟ್ಟಿದ ಮೇಲೆ ಅವನು ಜಮಾದಾರನಿಗೆ ಹೇಳುತ್ತಾನೋ ಇಲ್ಲವೋ ಎಂದು ಮೂವರೂ ಕಣ್ಣು ಕೀಲಿಸಿ ನೋಡುತ್ತಿದ್ದರು. ಅವನು ಕಟ್ಟೆಯ ಮೇಲೆ ಕುಳಿತ. ಯಾರೂ ಎದ್ದು ಓಡಿಬರಲಿಲ್ಲ. ನೆರಳು ಆಗ ಬದುವಿಗೆ ಇನ್ನೊಂದು ಮಾರು ಇತ್ತು.

ಮೋತಿಬಿ ಅರಿವೆ ತೆಗೆದಳು. ಎರಡೇ ರೊಟ್ಟಿ ಉಳಿದಿದ್ದವು. ಅವುಗಳ ಕೆಳಗೆ ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ ದೇವರು.

“ಹೋಗೂದು ಎಂದ ಠರಾಸಿದ್ರಿ?” ಎಂದು ಕೇಳಿದಳು.

“ನಾಕು ದಿನ ಆತು,” ಎಂದಳು ಅಮೃತವ್ವ.

“ನಾಕು ದಿನ ನನ್ನ ಜೋಡಿ ಒಂದ ಒಲಿ ಮುಂದ ಕುಂತು ಎಳ್ಳು ಹುರದ್ರಿ.”

ಸಾವಿತ್ರೆವ್ವ ಅಳತೊಡಗಿದಳು. ಅಳುವುದಕ್ಕೆ ಈಗ ಹೊತ್ತಿಲ್ಲ ಎಂದು ಮೋತಿಬಿಯೇ ಅವಳನ್ನು ಸುಮ್ಮನಾಗಿಸಿದಳು. ನೀನೂ ನಮ್ಮ ಜೊತೆ ಬಾ ಎಂದು ಅಮೃತವ್ವ ಕರೆದಳು. ಆ ಮಾತು ತಡವಾಗಿ ಬಂತೆಂದು ಆಡುವಾಗಲೇ ಅವಳಿಗೆ ಗೊತ್ತಿತ್ತು. ತನ್ನ ಮೂರು ಮಕ್ಕಳು ಮನೆಯಲ್ಲಿ ಕುಳಿತಿರುವಾಗ ತಾನೆಲ್ಲಿಗೆ ಬರುವುದು ಎಂದು ಮೋತಿಬಿ ಕೇಳಿದಳು. ದೇವರನ್ನು ಇಲ್ಲೇ ಹುಗಿದು ಹೋಗೋಣವೆಂದು ಅಮೃತವ್ವ ಅಂದಾಗ ಅದಕ್ಕೂ ಒಪ್ಪಲಿಲ್ಲ. ನಾಳೆ ಅವು ಸಿಕ್ಕರೆ ಹುಗಿದವಳು ಮೋತಿಬಿಯೇ ಎಂದಾಗುತ್ತದೆ. ತಾನೇ ಆ ಗಂಟನ್ನು ಬಿಗಿದು ಅಮೃತವ್ವನ ಸೊಂಟಕ್ಕೆ ಕಟ್ಟಿದಳು.

“ನಿಮ್ಮ ದೇವರು ನಿಮ್ಮ ಜೋಡಿ ಹೊಂಟಾವ,” ಎಂದಳು. “ನನ್ನ ತಮ್ಮ ಇಲ್ಲೇ ಇರ್ತಾನ. ಹೋಗ್ರಿ ಜಲ್ದಿ. ಹೊತ್ತು ಇಳಿದ ಮ್ಯಾಲಿನ ಚರಗ ನಾ ಚೆಲ್ಲತೀನಿ. ದನಿ ಕೇಳಿದ್ರ ಎಲ್ಲಾರೂ ಹೊಲದಾಗ ಅದೀವಿ ಅಂತ ತಿಳಕೋತಾರ.”

ಇಬ್ಬರೂ ಜೋಳದಲ್ಲಿ ಇಳಿದರು. ತೆನೆ ಅಲುಗದಂತೆ ಸಾಲಿನ ನಡುವೆ ಬಾಗಿ ನಡೆಯಬೇಕು. ಬಸುರಿಗೆ ಬಾಗುವುದಕ್ಕೆ ಆಗುವುದಿಲ್ಲ. ಹತ್ತು ಹೆಜ್ಜೆಗೊಮ್ಮೆ ಅವಳು ಮಂಡಿಯೂರಿ ಕೂರುತ್ತಿದ್ದಳು. ಅಮೃತವ್ವ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ನೋವು ಶುರುವಾಗಿದೆಯೇ ಎಂದು ನೋಡುತ್ತಿದ್ದಳು. ಹೊಲ ಅರ್ಧ ದಾಟುವಷ್ಟರಲ್ಲಿ ನಾಕಾದ ಕಡೆಯಿಂದ ಯಾರೋ ಕೂಗಿ ಏನೋ ಕೇಳಿದ್ದು ಕೇಳಿಸಿತು. ಇಬ್ಬರೂ ನೆಲಕ್ಕೆ ಒರಗಿದರು. ಉತ್ತರವಾಗಿ ಬನ್ನಿಗಿಡದ ಕಡೆಯಿಂದ ಮೋತಿಬಿಯ ದನಿ ಎದ್ದಿತು: ‘ಹುಲಿಗ್ಯೋ, ಚಳ್ಳಂಬರಿಗ್ಯೋ.’ ಸ್ವಲ್ಪ ತಡೆದು ಇನ್ನೊಮ್ಮೆ, ಈ ಸಲ ಬೇರೆ ಕಡೆಯಿಂದ. ಅವಳು ಹೊಲವನ್ನು ಸುತ್ತುತ್ತಿದ್ದಳು, ನಾಕಾದ ಮಗ್ಗುಲಿನ ಬದುವಿನ ಮೇಲೇ ನಡೆಯುತ್ತಿದ್ದಳು. ಒಮ್ಮೆ ದಪ್ಪ ದನಿಯಲ್ಲಿ, ಒಮ್ಮೆ ತೆಳು ದನಿಯಲ್ಲಿ. ನಾಕಾದಿಂದ ಮತ್ತೆ ಯಾರೂ ಕೂಗಲಿಲ್ಲ. ಇಬ್ಬರೂ ಹಳ್ಳಕ್ಕೆ ಇಳಿದು, ಮೊಣಕಾಲು ನೀರು ದಾಟಿ, ಆಚೆಯ ದಂಡೆ ಹತ್ತಿದರು. ಹುಲಗಪ್ಪ ಹೆಂಡತಿಯನ್ನು ಎತ್ತಿಕೊಂಡ. ಅವರು ಮುಂಡರಗಿಯ ದಾರಿ ಹಿಡಿದ ಮೇಲೂ ಆ ಕೂಗು ಹಿಂದಿನಿಂದ ಬರುತ್ತಲೇ ಇತ್ತು.

ಹನ್ನೆರಡನೆಯ ದಿನ ಶಿಬಿರದ ತಟ್ಟಿಯ ಮರೆಯಲ್ಲಿ ಸಾವಿತ್ರೆವ್ವ ಹೆತ್ತಳು. ಹೆಣ್ಣು. ಬದುಕಿತು.

ಆಚೆ ಏನಾಯಿತು ಎಂಬುದು ಅಮೃತವ್ವನಿಗೆ ತುಂಡುತುಂಡಾಗಿ ತಿಳಿಯಿತು. ತಾನು ಚರಗ ಚೆಲ್ಲುತ್ತಿದ್ದಾಗ ಅವರಿಬ್ಬರು ಎತ್ತ ಹೋದರೋ ಗೊತ್ತಿಲ್ಲ ಎಂದು ಮೋತಿಬಿ ವಿಚಾರಣೆಯಲ್ಲಿ ಹೇಳಿದಳು. ಹೆರಿಗೆಗೆ ಬೇರೆ ಯಾರೂ ಇರಲಿಲ್ಲವಾದ್ದರಿಂದ ದವಾಖಾನೆಯವರು ಅವಳನ್ನು ಬಿಟ್ಟುಕೊಡಲಿಲ್ಲ. ಓಡಿಹೋದವರ ಹೊಲದಲ್ಲಿ ಉಂಡು ಬಂದ ಸಿಪಾಯಿಯನ್ನು ಮಾತ್ರ ವಾರದೊಳಗೆ ಕೆಲಸದಿಂದ ತೆಗೆದರು. ಅವನಿಗೆ ಚಾವಟಿಯ ಏಟೂ ಬಿದ್ದವು. ರಹಮಾನಸಾಬ ಹೆಂಡತಿ ಮಕ್ಕಳನ್ನು ಅಕ್ಕನ ಮನೆಯಲ್ಲಿ ಬಿಟ್ಟು, ಹೊಟ್ಟೆಪಾಡಿಗೆ ಅದೇ ಹಳ್ಳ ದಾಟಿ ಬೆಟಗೇರಿಗೆ ಬಂದು, ನೂಲಿಗೆ ಬಣ್ಣ ಹಾಕುವ ಒಂದು ಭಟ್ಟಿಯಲ್ಲಿ ಕೂಲಿಗೆ ನಿಂತ.

1948ರ ಸಪ್ಟಂಬರಿನಲ್ಲಿ ಭಾರತದ ಸೈನ್ಯ ಹೋಗಿ ನಿಜಾಮನ ಆಳಿಕೆ ಮುಗಿಯಿತು. ಅಮೃತವ್ವ ಅಕ್ಟೋಬರಿನಲ್ಲಿ ದವಾಖಾನೆಗೆ ಮರಳಿದಳು. ಮೋತಿಬಿ ಬಾವಿಕಟ್ಟೆಯ ಮೇಲೆ ಅರಿವೆ ಒಗೆಯುತ್ತಿದ್ದಳು. ಅಮೃತವ್ವ ಎದುರಿಗೆ ನಿಂತು, ತಪ್ಪಾಯಿತು ಎಂದಳು.

“ನನಗ ಹೇಳಬ್ಯಾಡ,” ಎಂದಳು ಮೋತಿಬಿ. “ತಮ್ಮಗ ಹೇಳು.”

ಅಮೃತವ್ವ ಎರಡು ದಿನ ರಜೆ ಕೇಳಿ ಬೆಟಗೇರಿಗೆ ಹೋದಳು. ರಹಮಾನಸಾಬ ಹಂಡೆಯ ಮುಂದೆ ನಿಂತು ನೂಲಿನ ಲಡಿಗಳನ್ನು ಅದ್ದಿ ತೆಗೆಯುತ್ತಿದ್ದ, ಮೊಣಕೈವರೆಗೂ ನೀಲಿ. ನೀನು ನಮ್ಮನ್ನು ತಡೆಯಬಾರದೆಂದೇ ನಿನ್ನ ಅಕ್ಕನನ್ನು ಕರೆದೊಯ್ದಿದ್ದೆ, ಅವಳಿಗೆ ಹೇಳಿರಲಿಲ್ಲ ಎಂದು ಅವಳು ನಿಂತಲ್ಲೇ ಹೇಳಿದಳು. ಅವನು ಲಡಿಯನ್ನು ಹಿಂಡಿ ಗಳುವಿಗೆ ಹಾಕಿ ಆಮೇಲೆ ಮಾತಾಡಿದ.

“ನೀವು ನನ್ನ ಕೇಳಿದ್ರ ಬಿಡತಿದ್ನೋ, ಹಿಡದು ಕೊಡತಿದ್ನೋ, ನನಗ ಇನ್ನೂ ಗೊತ್ತಿಲ್ರಿ ಬಾಯಾರ. ನನಗ ಹೇಳದಿದ್ದದ್ದು ಚೊಲೋನ ಆತು. ಆಪಾಗ ಹೇಳಬೇಕಿತ್ತು. ಆಕಿಗಿ ಹೇಳಬೇಕಿತ್ತು.”

ಕೂಸಿನ ಬಗ್ಗೆ ಕೇಳಿದ. ಹೆಣ್ಣು, ಬದುಕಿದೆ ಎಂದಳು. ಅವನು ಇನ್ನೊಂದು ಲಡಿ ಅದ್ದಿದ. ಕುಳಿತುಕೋ ಎನ್ನಲಿಲ್ಲ. ಮಾಲೀಕ ನೋಡುತ್ತಿದ್ದ. ಅವಳು ಹೊರಟು ಬಂದಳು.

ಅವನ ಮಾತನ್ನು ಇದ್ದ ಹಾಗೆಯೇ ಮೋತಿಬಿಗೆ ಒಪ್ಪಿಸಿದಳು. ಮೋತಿಬಿ ಕೇಳಿಸಿಕೊಂಡು ಪೆಟ್ಟಿಗೆ ಎತ್ತಿಕೊಂಡಳು. ಹೆರಿಗೆಗೆ ಕರೆ ಬಂದಿತ್ತು. ಅಂದಿನಿಂದ ಇಬ್ಬರೂ ಮತ್ತೆ ಒಟ್ಟಿಗೆ ಕೆಲಸ ಮಾಡಿದರು. ಮಾತೂ ಮೊದಲಿನಂತೆಯೇ, ಕೆಲಸದ ಮಟ್ಟಿಗೆ. ಹೊಲಕ್ಕೆ ಮಾತ್ರ ಮೋತಿಬಿ ಬರಲಿಲ್ಲ. ಗಂಡನ ಜೊತೆ ಊರಿಗೆ ಮರಳಿದ್ದ ಸಾವಿತ್ರೆವ್ವ ಪ್ರತಿ ವರ್ಷ ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಆಮೇಲೆ ಕೈ ಹಿಡಿದುಕೊಂಡು ಕರೆಯಲು ಹೋದಳು. ಮೋತಿಬಿ ಮಗುವಿನ ಕೈಗೆ ಬೆಲ್ಲ ಕೊಡುತ್ತಿದ್ದಳು. ಮೈ ಸರಿಯಿಲ್ಲ ಎನ್ನುತ್ತಿದ್ದಳು. ಅವಳು ಬಾರದ ಕಾರಣ ಅಮೃತವ್ವನೂ ಹೋಗುತ್ತಿರಲಿಲ್ಲ. ಎಂಟು ವರ್ಷ ಆ ದಿನ ದವಾಖಾನೆಯ ಕೋಣೆಯಲ್ಲೇ ಉಂಡಳು.

1956ರ ನವಂಬರಿನಲ್ಲಿ ಹೊಂಬಳವೂ ಆ ಊರೂ ಒಂದೇ ರಾಜ್ಯಕ್ಕೆ ಸೇರಿದವು. ಗದಗಿಗೆ ವರ್ಗ ಬೇಕಾದರೆ ಕೊಡುತ್ತೇವೆ ಎಂದು ಮೇಲಿನವರು ಕೇಳಿದರು. ಅಮೃತವ್ವ ಬೇಡವೆಂದು ಬರೆದು ಕಳಿಸಿದಳು. ಮುಂದಿನ ತಿಂಗಳು ಎಳ್ಳ ಅಮವಾಸ್ಯೆ. ಆ ದಿನ ಬೆಳಿಗ್ಗೆ ಸಾವಿತ್ರೆವ್ವ ರೂಢಿಯಂತೆ ಕರೆಯಲು ಹೋದಳು, ಅಮೃತವ್ವನೂ ಜೊತೆಗಿದ್ದಳು. ಮೋತಿಬಿ ಮೈ ಸರಿಯಿಲ್ಲ ಎನ್ನಲಿಲ್ಲ. ಯಾರ್ಯಾರು ಬರುತ್ತಾರೆ ಎಂದು ಕೇಳಿದಳು. ಸಾವಿತ್ರೆವ್ವ ಒಂದೊಂದೇ ಹೆಸರು ಹೇಳಿದಳು. ತಿರುಗಿ ಬರುವುದು ಯಾವಾಗ ಎಂದು ಮೋತಿಬಿ ಕೇಳಿದಳು. ಹೊತ್ತು ಮುಳುಗುವ ಮೊದಲು, ಎಲ್ಲರೂ ಕೂಡಿ, ಎಂದಳು ಅಮೃತವ್ವ. ಮೋತಿಬಿ ಹೊರಗೆ ಬಂದು ಬಾಗಿಲಿಗೆ ಕೀಲಿ ಹಾಕಿ ಅವರ ಜೊತೆ ಹೊರಟಳು.